ಮುದ್ದೇಬಿಹಾಳದಿಂದ ತಂದ ನಕಲು

ಬಸವನ ಬಾಗೇವಾಡಿಯಲ್ಲಿ ನನ್ನದು ಆಸ್ಪತ್ರೆ ಯಂತ್ರಗಳ ರಿಪೇರಿ ಅಂಗಡಿ. ಹೋದ ವರ್ಷ ಒಂದು ಬೆಳಿಗ್ಗೆ ಇಂಗಳೇಶ್ವರದ ಹೆಣ್ಣುಮಗಳೊಬ್ಬಳು ಆಕ್ಸಿಜನ್ ಯಂತ್ರವನ್ನು ಟಂಟಂ ಆಟೊದಲ್ಲಿ ಹಾಕಿಕೊಂಡು ಬಂದಳು. ಆಕೆಯ ಗಂಡ ವರ್ಷಗಟ್ಟಲೆ ಕಲ್ಲು ಒಡೆದು ಎದೆ ಕೆಡಿಸಿಕೊಂಡವನು. ನಸುಕಿನಲ್ಲಿ ಕರೆಂಟು ಹೋಗಿ ಬಂದ ಮೇಲೆ ಯಂತ್ರ ಶುರುವಾಗಿರಲಿಲ್ಲ. ಮನೆಯಲ್ಲಿದ್ದ ಆಕ್ಸಿಜನ್ ಸಿಲಿಂಡರು ಸಂಜೆಯ ತನಕ ಬಂದೀತು ಎಂದಳು. ವಿಜಯಪುರದ ಆಸ್ಪತ್ರೆಗೆ ಕರೆದೊಯ್ಯಿರಿ ಎಂದೆ. ಹಿಂದಿನ ಸಲ ದಾರಿಯಲ್ಲೇ ಜೀವ ಹೋದಂತಾಗಿತ್ತು, ಆತ ಒಪ್ಪುವುದಿಲ್ಲ ಎಂದಳು.

ಬಿಚ್ಚಿದೆ. ಮೋಟಾರು ಸರಿಯಿತ್ತು. ಕೆಟ್ಟದ್ದು ಎಂಟು ಕಾಲಿನ ಒಂದು ಫ್ಲ್ಯಾಶ್ ಚಿಪ್ಪು, ಜೋಳದ ಕಾಳಿನಷ್ಟು. ಯಂತ್ರ ಹೇಗೆ ನಡೆಯಬೇಕೆಂಬುದೆಲ್ಲ ಅದರೊಳಗೇ ಬರೆದಿರುತ್ತದೆ. ಖಾಲಿ ಚಿಪ್ಪು ನನ್ನ ಬಳಿ ಇತ್ತು. ಅದರಲ್ಲಿ ತುಂಬುವ ಫೈಲು ಇರಲಿಲ್ಲ. ಫೋನು ಮಾಡಿದರೆ ಕಂಪನಿಯವರು, ಬೋರ್ಡನ್ನು ನಮಗೆ ಕಳಿಸಿಕೊಡಿ, ಹದಿನೈದು ದಿನ ಬೇಕು ಎಂದರು.

ನಾನೇ ಒಮ್ಮೆ ಫಿಲ್ಟರು ಬದಲಿಸಿಕೊಟ್ಟಿದ್ದ ಅದೇ ಮಾಡೆಲ್ಲಿನ ಯಂತ್ರ ಮುದ್ದೇಬಿಹಾಳದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರ ಮನೆಯಲ್ಲಿತ್ತು. ಆಕೆಯನ್ನು ಗಂಡನ ಬಳಿಗೆ ಕಳಿಸಿ ಸ್ಕೂಟರು ಹತ್ತಿದೆ.

ಅವರ ಚಿಪ್ಪಿನಿಂದ ನಕಲು ತೆಗೆಯಬೇಕಾದರೆ ಯಂತ್ರ ಬಂದ್ ಮಾಡಬೇಕು. ನನ್ನ ಕೈ ಜಾರಿದರೆ ಅದೂ ಕೆಡಬಹುದು. ಎರಡನ್ನೂ ಮುಚ್ಚಿಡದೆ ಹೇಳಿದೆ. ಅವರ ಸೊಸೆ ಬಾಗಿಲಿಗೆ ಅಡ್ಡ ನಿಂತಳು.

"ಇದ್ದದ್ದೊಂದನ್ನೂ ಕೆಡಿಸಿದ್ರ ನಮ್ಮ ಅತ್ತಿ ಗತಿ ಏನ್ರಿ ಅಕ್ಕಾರ?"

ಒಳಗಿನಿಂದ ಶಿಕ್ಷಕಿ, "ಜಳಕಕ್ಕ ಹೋಗುವಾಗ ಮೂಗಿನ ನಳಿಗಿ ತಗದಿಟ್ಟ ಹೋಗ್ತೇನಿ. ಅಷ್ಟೊತ್ತು ತಡೀತೇನಿ. ಬಾರವಾ ತಂಗಿ" ಎಂದರು.

ಅವರ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿ ಪ್ಲಗ್ಗು ಕಿತ್ತೆ. ತೊಂಬತ್ತಮೂರು ಇತ್ತು. ಯಂತ್ರ ಬಿಚ್ಚಿ, ಚಿಪ್ಪಿನ ಕಾಲುಗಳಿಗೆ ವೈರಿನ ಚಿಮಟ ಕಚ್ಚಿಸಿ, ಅದರಲ್ಲಿದ್ದ ಫೈಲನ್ನು ಲ್ಯಾಪ್‌ಟಾಪಿಗೆ ಓದಿಸಿಕೊಂಡೆ. ಖಾತ್ರಿಗೆ ಇನ್ನೊಮ್ಮೆ ಓದಿಸಿದೆ. ಎರಡೂ ಒಂದೇ ಇರಬೇಕಿತ್ತು, ಇರಲಿಲ್ಲ. ಯಾವುದು ಸರಿ? ಎರಡೂ ತಪ್ಪೇ? ಸೊಸೆ "ತೊಂಬತ್ತು" ಎಂದಳು. ಸ್ವಲ್ಪ ಹೊತ್ತಿಗೆ "ಎಂಬತ್ತೆಂಟು" ಎಂದಳು. ಶಿಕ್ಷಕಿ ಕಣ್ಣು ಮುಚ್ಚಿ ತುಟಿ ಚೂಪು ಮಾಡಿ ನಿಧಾನಕ್ಕೆ ಉಸಿರು ಬಿಡುತ್ತಿದ್ದರು. ನಿಲ್ಲಿಸಿಬಿಡಲೇ ಎಂದು ಕೇಳಿದೆ. ಬೇಡವೆಂದು ಕೈಯಾಡಿಸಿದರು.

ಚಿಮಟ ತೆಗೆದು ಕಾಲುಗಳನ್ನು ಸ್ಪಿರಿಟ್ಟಿನಿಂದ ಒರೆಸಿ ಮತ್ತೆ ಕಚ್ಚಿಸಿದೆ. ಮೂರನೆಯದೂ ನಾಲ್ಕನೆಯದೂ ಒಂದಕ್ಕೊಂದು ಹೊಂದಿದವು. ಪ್ಲಗ್ಗು ಹಾಕಿದೆ. ಯಂತ್ರ ಸುಮ್ಮನಿತ್ತು. ಐದಾರು ಸೆಕೆಂಡು ಇರಬಹುದು. ಆಮೇಲೆ ಬೀಪ್ ಎಂದಿತು, ಗುರುಗುಟ್ಟತೊಡಗಿತು. ಸೊಸೆ ನನ್ನ ಕಡೆ ನೋಡದೆಯೇ ಅತ್ತೆಯ ಮೂಗಿಗೆ ನಳಿಕೆ ಸಿಕ್ಕಿಸಿದಳು. ತೊಂಬತ್ತೆರಡಕ್ಕೆ ಬರುವ ತನಕ ಕಾದು ಹೊರಟೆ.

ಅಂಗಡಿಗೆ ಬಂದು ಹೊಸ ಚಿಪ್ಪಿಗೆ ಫೈಲು ತುಂಬಿಸಿ ಬೆಸುಗೆ ಹಾಕಿದೆ. ಯಂತ್ರ ಎದ್ದಿತು. ಹೊರಬರುವ ಆಕ್ಸಿಜನ್ನನ್ನು ಮೀಟರಿನಲ್ಲಿ ಅಳೆದು, ಸಾಕಷ್ಟು ಶುದ್ಧವಿದೆ ಎಂದು ಖಾತ್ರಿಯಾದ ಮೇಲೆ ಟಂಟಂ ಹಿಡಿದು ಇಂಗಳೇಶ್ವರ ಮುಟ್ಟಿದಾಗ ಸಿಲಿಂಡರಿನ ಮುಳ್ಳು ಕೆಂಪು ಗೆರೆಗೆ ಇಳಿದಿತ್ತು.

ನಳಿಕೆ ಬದಲಿಸಿದೆವು. ಆತ ಗೋಡೆಗೆ ಒರಗಿ ಉಸಿರೆಳೆದುಕೊಂಡ. ಆತನ ಹೆಂಡತಿ, ಈ ನಕಲು ಯಾರ ಮನೆಯಿಂದ ತಂದಿರಿ ಎಂದು ಕೇಳಿದಳು. ಹೇಳಿದೆ. ಮರುದಿನವೇ ಆಕೆ ಬಸ್ಸು ಹತ್ತಿ ಮುದ್ದೇಬಿಹಾಳಕ್ಕೆ ಹೋಗಿ ಶಿಕ್ಷಕಿಯನ್ನು ಕಂಡು ಬಂದಳಂತೆ. ಅಲ್ಲಿ ಏನು ಮಾತಾಡಿದರೋ, ಇಬ್ಬರೂ ನನಗೆ ಹೇಳಿಲ್ಲ.