ಹಡಗು ಸಿಕ್ಕಿತಾ?

ಸ್ನೇಹಿತರೇ, ನಾನೂ ಅತ್ತೆಯೂ ಹದಿನಾಲ್ಕು ವರ್ಷದಿಂದ ನೋಡುತ್ತಿರುವ ಬಾಹ್ಯಾಕಾಶದ ಧಾರಾವಾಹಿಯ ಹೊಸ ಸೀಸನ್ ಮತ್ತೆ ಮುಂದಕ್ಕೆ ಹೋಗಿದೆ. ಹಿಂದಿನ ಸೀಸನ್ ಮುಗಿಯುವಾಗ ಅದರಲ್ಲಿನ ಬಾಹ್ಯಾಕಾಶ ಹಡಗು ಒಳಗಿದ್ದ ಮಕ್ಕಳ ಸಮೇತ ಕಾಣೆಯಾಗಿತ್ತು. ಇಂದು ಕುಂದಾಪುರದ ಬಸ್ಸಿನಲ್ಲಿ ಮೊಬೈಲಿನಲ್ಲಿ ಆ ಸುದ್ದಿ ನೋಡಿ ನಿಟ್ಟುಸಿರು ಬಿಟ್ಟೆ. ಪಕ್ಕದಲ್ಲಿದ್ದ ಅತ್ತೆಗೆ ಕಿವಿ ಮಂದ, ಜೋರಾಗಿಯೇ ಕೇಳಿದರು.

"ಎಂತ ಆಯ್ತೇ? ಹಡಗ್ ಸಿಕ್ತಾ?"

"ಇಲ್ಲೆ ಅತ್ತೆ. ಇನ್ನ್ ಬಪ್ಪು ವರ್ಷವೇ ಅಂಬ್ರ್."

"ಅಯ್ಯೋ, ಅದ್ರಗಿದ್ದ್ ಮಕ್ಕಳ ಗತಿ ಎಂತ?"

ಮರವಂತೆಯಲ್ಲಿ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತಿದ್ದ ಮೀನು ಮಾರುವ ಹೆಂಗಸು ಗಾಬರಿಯಿಂದ ತಿರುಗಿದರು. "ಹ್ವಾಯ್, ಯಾವ್ ಬೋಟ್? ನಮ್ಮನಿಯವ್ರೂ ಕಡ್ಲಿಗ್ ಹೋಯ್ರ್!" ಎಂದವರೇ ಗಂಡನಿಗೆ ಫೋನ್ ಒತ್ತಿದರು.

"ಬೋಟ್ ಅಲ್ಲ ಅಕ್ಕ, ಅದ್ ಟೀವಿಯಗ್ ಬಪ್ಪು ಹಡಗ್" ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಷ್ಟರಲ್ಲಿ ಅವರ ಗಂಡ ಫೋನ್ ಎತ್ತಿದರು. "ಎಂತ ಇಲ್ಲೆ, ಸುಮ್ನೆ ಮಾಡದ್" ಎಂದು ಕರೆ ಮುಗಿಸಿದ ಆಕೆ ನನ್ನನ್ನೇ ದಿಟ್ಟಿಸಿದರು.

"ಆ ಹಡಗ್ ಕಾಣದೆ ಎಷ್ಟ್ ಸಮಯ ಆಯ್ತ್?"

"ಎರಡ್ ವರ್ಷ."

"ಎರಡ್ ವರ್ಷ ಆದ್ರೂ ಹುಡ್ಕೂಕೆ ಯಾರೂ ಹೋಯ್ಲ್ಯಾ?"

ಅಭಿಮಾನಿಗಳ ಗುಂಪಿನಲ್ಲಿ ನಾವು ದಿನಾ ಚರ್ಚೆ ಮಾಡಿ ಸುಸ್ತಾಗಿದ್ದೇವೆ. ಇಷ್ಟು ಸರಿಯಾದ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.