ನಿನ್ನ ಬೀಜದಲ್ಲಿ ಜೀವ ಇತ್ತು, ದೊಡ್ಡವ್ವ

ದೊಡ್ಡವ್ವ, ನೀನು ಕೊಟ್ಟ ಬದನೆ ಬೀಜ ಸತ್ತಿರಲಿಲ್ಲ. ಅವನ್ನು ಕೊಂದವಳು ನಾನು. ಕೊಂದದ್ದು ತಿಳಿಯದೆ, ಆದರೆ ಸುಳ್ಳು ಹೇಳಿದ್ದು ತಿಳಿದೇ.

ಇಷ್ಟು ಒಪ್ಪಿಕೊಳ್ಳುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಮಾತಿನಲ್ಲಿ ನಾನೇನು ಹಿಂದೆ ಬಿದ್ದವಳಲ್ಲ, ಬಾಯಿಬಡಕಿ ಎಂದು ಸಣ್ಣವಳಿದ್ದಾಗಲೇ ಹೆಸರಿಟ್ಟವಳು ನೀನು. ಅವ್ವ ತೀರಿಕೊಂಡ ಮೇಲೆ ಅವಳ ಅಕ್ಕನಾದ ನಿನ್ನ ಮುಂದೆ ನಾನು ಮುಚ್ಚಿಟ್ಟದ್ದು ಯಾವುದೂ ಇರಲಿಲ್ಲ — ಇದೊಂದನ್ನು ಬಿಟ್ಟು. ಬಾಯಿಂದ ಹೇಳ ಹೊರಟರೆ ನಡುವೆ ಎಲ್ಲಾದರೂ ನನಗೆ ಅನುಕೂಲವಾಗುವ ಹಾಗೆ ತಿರುಗಿಸಿಬಿಟ್ಟೇನು. ಅದಕ್ಕೇ ಮೊದಲು ಬರೆದುಕೊಳ್ಳುತ್ತಿದ್ದೇನೆ.

ಆ ವರ್ಷ ನನಗೆ ಸಸಿ ಎಬ್ಬಿಸುವ ಹುಚ್ಚು ಹಿಡಿದಿತ್ತು. ಮಗಳು ಪಲ್ಲವಿ ಮದುವೆಯಾಗಿ ಕುರುಗೋಡಿಗೆ ಹೋಗಿದ್ದಳು, ಅವಳು ಓದುತ್ತಿದ್ದ ಕೋಣೆ ಖಾಲಿ ಬಿದ್ದಿತ್ತು. ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಗೆ ಅಂಗಳವೆಂದರೆ ಬೈಕು ನಿಲ್ಲಿಸುವಷ್ಟು ಜಾಗ, ಹಿತ್ತಲೆಂದರೆ ಬಟ್ಟೆ ಒಗೆಯುವಷ್ಟು. ಹಾಗಾಗಿ ಕೋಣೆಯೊಳಗೇ ಸಸಿಮಡಿ ಮಾಡುತ್ತೇನೆಂದು ಹೊರಟೆ. ಬ್ರೂಸ್‌ಪೇಟೆಯಿಂದ ಕಬ್ಬಿಣದ ರ್ಯಾಕು ಬಂತು. ಪ್ರತಿ ಹಲಗೆಯ ಕೆಳಗೆ ಟ್ಯೂಬ್‌ಲೈಟು ಕಟ್ಟಿಸಿದೆ, ಗುಳಿಗುಳಿಯ ಪ್ಲಾಸ್ಟಿಕ್ ಟ್ರೇಗಳಿಗೆ ನೆನೆಸಿದ ತೆಂಗಿನ ನಾರಿನ ಪುಡಿ ತುಂಬಿದೆ, ತೇವ ಆರದಿರಲೆಂದು ಮೇಲೆ ತೆಳ್ಳನೆಯ ಹಾಳೆ ಹೊದಿಸಿದೆ. ಎಲ್ಲವೂ ಫೋನಿನ ವಿಡಿಯೊ ನೋಡಿ ಕಲಿತದ್ದು. ಹಲಗೆ ಹಲಗೆಯ ಫೋಟೊ ತಾರಸಿ ತೋಟದವರ ವಾಟ್ಸಾಪ್ ಗುಂಪಿಗೆ ಹೋಗುತ್ತಿತ್ತು. ‘ಸೂಪರ್ ಮೇಡಂ’ ಎಂದು ಯಾರಾದರೂ ಹಾಕಿದರೆ ಒಲೆಯ ಮೇಲಿನ ಸಾರು ಉಕ್ಕಿದರೂ ನನಗೆ ಲಕ್ಷ್ಯವಿರುತ್ತಿರಲಿಲ್ಲ.

ಸಿರುಗುಪ್ಪಕ್ಕೆ ಬಂದು ನಿನ್ನ ಹತ್ತಿರ ಮುಳ್ಳುಬದನೆ ಬೀಜ ಬೇಡಿದ್ದು ಆಗಲೇ. ಹಸಿರು ಪಟ್ಟೆಯ ಆ ಬದನೆಯ ಎಣಗಾಯಿ ಉಣ್ಣದವರು ನಿಮ್ಮ ಓಣಿಯಲ್ಲಿ ಯಾರಿದ್ದಾರೆ? ಬೂದಿಯಲ್ಲಿ ಕಲಸಿ ಇಟ್ಟಿದ್ದ ಬೀಜವನ್ನು ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ ನನ್ನ ಅಂಗೈಯಲ್ಲಿಟ್ಟು ನೀನು ಹೇಳಿದ್ದೆ: “ಒಂದು ಹಳೇ ಬೋಗಾಣಿ ಸಾಕವ್ವ. ನೆಳ್ಳಾಗಿಡು, ನೀರು ಚಿಮುಕಿಸು. ಅವು ತಾವ ಏಳ್ತಾವು.”

ಬೋಗಾಣಿ! ರ್ಯಾಕು, ಲೈಟು ಎಲ್ಲ ಇದ್ದವಳಿಗೆ ಬೋಗಾಣಿಯ ಮಾತು ಹಿಡಿಸೀತೇ.

ವಿಡಿಯೊದ ಹೆಂಗಸು, ಬದನೆ ಬೀಜಕ್ಕೆ ಕೆಳಗಿನಿಂದ ಕಾವು ಕೊಡಬೇಕು ಎಂದಿದ್ದಳು. ಅವಳು ಉಣ್ಣೆಯ ಅಂಗಿ ತೊಟ್ಟಿದ್ದಳು, ಅವಳ ಕಿಟಕಿಯ ಆಚೆ ಹಿಮ ಬಿದ್ದಿತ್ತು. ಅದು ನನಗೆ ಕಾಣಲಿಲ್ಲವೆಂದಲ್ಲ — ಕಂಡಿತು, ಆದರೂ... ನನ್ನ ಮೊಣಕಾಲು ನೋವಿಗೆ ತಂದಿದ್ದ ಕರೆಂಟಿನ ಕಾವಿನ ಪಟ್ಟಿಯನ್ನು ಟ್ರೇಯ ಕೆಳಗೆ ಹಾಸಿ ಸ್ವಿಚ್ಚು ಒತ್ತಿದೆ. ಶಿವರಾತ್ರಿ ಆಗಲೇ ಕಳೆದಿತ್ತು. ಚಳಿ ಶಿವಶಿವಾ ಎಂದು ಓಡಿಹೋಗಿ, ನಮ್ಮೂರ ಬಂಡೆಗಳು ಕಾಯತೊಡಗಿದ್ದವು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನಕ್ಕರು: “ಬಳ್ಳಾರ್ಯಾಗ ಬೀಜಕ್ಕ ಕಾವು ಕೊಡ್ತೀಯೇನ? ಮಾಳಿಗಿ ಮ್ಯಾಲೆ ಹಪ್ಪಳ ಇಟ್ರ ತಾನ ಸುಡತೈತಿ!”

“ನಿಮಗೇನು ತಿಳಿತೈತಿ, ಸುಮ್ನಿರ್ರಿ” ಎಂದು ಬಾಗಿಲು ಹಾಕಿಕೊಂಡೆ. ಇದು ಬಳ್ಳಾರಿಯಲ್ಲಿ ಹುಟ್ಟಿ ಬಳ್ಳಾರಿಯಲ್ಲೇ ನೆತ್ತಿ ಸುಟ್ಟುಕೊಂಡವಳು ಆಡಿದ ಮಾತು.

ವಾರ ಕಳೆಯಿತು, ಇನ್ನೂ ಕೆಲವು ದಿನ ಕಳೆದವು. ಒಂದು ಮೊಳಕೆಯೂ ಇಲ್ಲ. ಪಟ್ಟಿಯ ಮೇಲೆ ಕೈಯಿಟ್ಟು ನೋಡಿದರೆ ರೊಟ್ಟಿ ಇಳಿಸಿದ ಹಂಚಿನ ಹಾಗೆ ಇತ್ತು. ಕಡ್ಡಿಯಿಂದ ಒಂದು ಬೀಜ ಕೆದಕಿ ತೆಗೆದು ಉಗುರಿನಿಂದ ಒತ್ತಿದೆ. ಬೆಂದ ಕಾಳಿನ ಹಾಗೆ ಹಿಚುಕಿಹೋಯಿತು. ಆಗಲೇ ನನಗೆ ತಿಳಿದುಹೋಯಿತು, ದೊಡ್ಡವ್ವ. ಅನುಮಾನವಲ್ಲ, ಖಾತ್ರಿ.

ಅದೇ ಸಂಜೆ ನೀನು ಫೋನು ಮಾಡಿದೆ. ನಿನಗೆ ಕಿವಿ ಮಂದವಲ್ಲವೇ, ಯಾವಾಗಲೂ ಜೋರಾಗಿ ಕೇಳಿಸುವ ಹಾಗೆ ಸ್ಪೀಕರಿಗೆ ಹಾಕಿಯೇ ಮಾತಾಡುತ್ತೀ. ಹಿಂದೆ ಕಟ್ಟೆಯ ಮೇಲೆ ಕೂತ ಹೆಂಗಸರ ನಗು ನನಗೆ ಚೆನ್ನಾಗಿ ಕೇಳಿಸುತ್ತಿತ್ತು. “ಎದ್ದಾವೇನವ್ವ ಸಸಿ?” ಎಂದು ಕೇಳಿದೆ ನೀನು.

ನಮ್ಮ ಕಡೆ ಸಸಿ ಎದ್ದರೆ ಮಣ್ಣನ್ನು ಹೊಗಳುವುದಿಲ್ಲ, ಕೈಗುಣ ಎನ್ನುತ್ತೇವೆ. ಬೀಜ ಕೊಟ್ಟವಳ ಕೈಗುಣ, ಹಾಕಿದವಳ ಕೈಗುಣ. ಏಳಲಿಲ್ಲವೆಂದರೆ ಎರಡರಲ್ಲಿ ಒಂದು ಕೈ ಕೆಟ್ಟಿರಲೇಬೇಕು. ಅಷ್ಟು ಫೋಟೊ ಹಾಕಿ ಮೆರೆದವಳು ನನ್ನ ಕೈ ಕೆಟ್ಟದ್ದು ಎಂದು ಹೇಗೆ ಹೇಳಲಿ? ನನ್ನ ಕೈ ಉಳಿಸಿಕೊಳ್ಳಲು ನಿನ್ನ ಕೈ ಬಿಟ್ಟುಕೊಟ್ಟೆ.

“ದೊಡ್ಡವ್ವ, ನಿನ್ನ ಬೀಜದಾಗ ಜೀವಾನ ಇರಲಿಲ್ಲ” ಎಂದೆ.

ಕಟ್ಟೆಯ ಮೇಲಿನ ನಗು ನಿಂತಿತು. ನೀನು, “ಹೌದೇನವ್ವ? ವಯಸ್ಸಾತು ನೋಡು, ಕೈಗುಣ ಹೋತು” ಎಂದೆ. ಬೇಸರವೂ ಮಾಡಿಕೊಳ್ಳಲಿಲ್ಲ, ನನ್ನನ್ನು ಎದುರು ಕೇಳಲೂ ಇಲ್ಲ. ನಾನು ಹೇಳಿದ್ದೆನಲ್ಲ, ನಿನಗೆ ಅಷ್ಟೇ ಸಾಕಾಗಿತ್ತು.

ಅಲ್ಲಿಗೇ ನಿಂತಿದ್ದರೆ ದುಡುಕಿನ ಮಾತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ನಿಲ್ಲಲಿಲ್ಲ. ನೀನು ಕೊಟ್ಟ ಗಂಟಿನ ಬಟ್ಟೆಯನ್ನು ಒಗೆಯುವ ಮುಂಚೆ ಹಿತ್ತಲಿನ ಒಡಕು ಬಕೆಟ್ಟಿನ ಮೇಲೆ ಕೊಡವಿದ್ದೆ. ಅದರಲ್ಲಿ ಪುದೀನ ಇತ್ತು. ಬೂದಿಯ ಜೊತೆ ಅಂಟಿಕೊಂಡಿದ್ದ ನಾಲ್ಕಾರು ಬೀಜ ಬಿದ್ದಿರಬೇಕು. ಕೆಲವು ದಿನದಲ್ಲಿ ಪುದೀನದ ಸಂದಿಯಿಂದ ಬದನೆ ಸಸಿ ತಲೆಯೆತ್ತಿದವು — ಲೈಟಿಲ್ಲ, ಕಾವಿಲ್ಲ, ಯಾರ ಉಪಚಾರವೂ ಇಲ್ಲ. ಎಲೆಯ ಮೇಲೆ ಎಳೆಯ ಮುಳ್ಳು ಕೂಡ ಕಾಣಿಸುತ್ತಿತ್ತು. ಆಗಲಾದರೂ ಫೋನು ಎತ್ತಿಕೊಂಡು, ನಿನ್ನ ಬೀಜ ಎದ್ದಾವು ದೊಡ್ಡವ್ವ ಎನ್ನಬಹುದಿತ್ತು. ಒಂದೇ ಒಂದು ಮಾತು...

ಮರುವಾರ ಕಣ್ಣು ತೋರಿಸಲು ನೀನು ಬಳ್ಳಾರಿಗೆ ಬರುವವಳಿದ್ದೆ, ನಮ್ಮಲ್ಲೇ ಇಳಿದುಕೊಳ್ಳುವವಳಿದ್ದೆ. ಹಿತ್ತಲಿಗೆ ಹೋದರೆ ಕಣ್ಣು ಮಂಜಾದರೂ ಬದನೆ ಎಲೆಯನ್ನು ನೀನು ಮುಟ್ಟಿಯೇ ಗುರುತಿಸುತ್ತೀ. ನೀನು ಬರುವ ಹಿಂದಿನ ದಿನ ಆ ಸಸಿಗಳನ್ನೆಲ್ಲ ಕಿತ್ತು ಹಾಕಿದೆ. ಬೇರು ಆಗಲೇ ಚೆನ್ನಾಗಿ ಹಿಡಿದಿತ್ತು, ಎಳೆದರೆ ಸುಲಭಕ್ಕೆ ಬರಲಿಲ್ಲ. ಕಾವಿನ ಪಟ್ಟಿ ನನ್ನ ಮೂರ್ಖತನ. ಇದು ಮಾತ್ರ ಮೂರ್ಖತನವಲ್ಲ, ಇದಕ್ಕೆ ಬೇರೆ ಹೆಸರಿದೆ.

ಆಮೇಲೆ ಏನಾಯಿತೋ ನಿನಗೆ ನಾನು ಹೇಳಬೇಕಾಗಿಲ್ಲ. ನೀನು ಉಳಿದ ಬೀಜವನ್ನು ಕೋಳಿಗೆ ಚೆಲ್ಲಿದೆಯೆಂದು ಕೇಳಿದೆ. ಓಣಿಯ ಹೆಂಗಸರು ಬೀಜಕ್ಕೆ ಬಂದರೆ, “ಅಂಗಡ್ಯಾಗ ತಗೊಳ್ರವ್ವ, ನನ್ನವು ಏಳಂಗಿಲ್ಲ” ಎನ್ನುತ್ತೀಯಂತೆ. ಬಿತ್ತಿಗೆಯ ದಿನ ಮೊದಲ ಹಿಡಿ ಬೀಜ ನಿನ್ನ ಕೈಯಿಂದಲೇ ಬೀಳುತ್ತಿತ್ತು, ಈಗ ಸೊಸೆಯನ್ನು ಮುಂದೆ ಕಳಿಸುತ್ತೀಯಂತೆ. ಅವರಿವರು ಹೇಳಿದಾಗಲೆಲ್ಲ ಅಯ್ಯೋ ಪಾಪ ಎಂದೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗಿದೆ.

ನಿಜವಾದ ತೊಟ್ಟಿಲು ಹೋದ ತಿಂಗಳು ಬಂತು. ಪಲ್ಲವಿಯ ಕೂಸಿಗೆ ಹೆಸರಿಡುವ ದಿನ, ನಮ್ಮ ಮನೆ ತುಂಬ ಜನ. ಹಿರಿಯಳು ನೀನು, ಕೂಸನ್ನು ತೊಟ್ಟಿಲಿಗೆ ಹಾಕಬೇಕಾದವಳು ನೀನೇ. ನನ್ನನ್ನು ಹಾಕಿದ್ದು ನೀನು, ಪಲ್ಲವಿಯನ್ನು ಹಾಕಿದ್ದು ನೀನು. ಪಲ್ಲವಿ ಕೂಸನ್ನು ನಿನ್ನ ಕಡೆ ಚಾಚಿದಳು. ನೀನು ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡೆ.

“ಬ್ಯಾಡ ನನ್ನವ್ವ. ನನ್ನ ಕೈ ಚಲೋ ಇಲ್ಲ. ಕೂಸಿಗೆ ಬ್ಯಾಡ.”

ಕುರುಗೋಡಿನ ಬೀಗತಿ ಮುಂದೆ ಬಂದು ಕೂಸನ್ನು ಹಾಕಿದರು. ಜೋಗುಳ ಶುರುವಾಯಿತು. ನೀನು ಗೋಡೆಗೆ ಒರಗಿ ದೂರದಿಂದಲೇ ಹಾಡಿದೆ. ನಾನು ಕುಂಕುಮದ ಬಟ್ಟಲು ಹಿಡಿದು ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಜನರಿದ್ದಾರೆ, ಮುಹೂರ್ತವಿದೆ, ಬೀಗರು ಏನೆಂದುಕೊಂಡಾರು... ಎಲ್ಲಕ್ಕೂ ಒಂದೊಂದು ನೆಪ ಸಿಕ್ಕಿತು. ನನಗೆ ನನ್ನ ಮೇಲೆ ಅಷ್ಟು ಹೇಸಿಗೆಯಾದದ್ದು ಅದೇ ಮೊದಲು.

ನಿನ್ನೆ ಪಲ್ಲವಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ನಾಳೆ ಸಿರುಗುಪ್ಪಕ್ಕೆ ಹೊರಟಿದ್ದೇನೆ, ದೊಡ್ಡವ್ವ. ಫೋನಿನಲ್ಲಿ ಹೇಳಿ ಮುಗಿಸುವುದಿಲ್ಲ. ಸಂಜೆ ಹೆಂಗಸರೆಲ್ಲ ಕಟ್ಟೆಗೆ ಬರುವ ತನಕ ಕಾಯುತ್ತೇನೆ. ಅವರು ಕೇಳಿಸಿಕೊಂಡ ಸುಳ್ಳಿಗೆ ಅವರೆದುರೇ ನಿಜ ಹೇಳುತ್ತೇನೆ, ನಿನಗೆ ಕೇಳಿಸುವಷ್ಟು ಜೋರಾಗಿ.

“ಕೂಸನ್ನ ಕರ್ಕೊಂಡು ಹೋಗವ್ವ, ಅಜ್ಜಿ ಸಿಟ್ಟು ಇಳಿತೈತಿ” ಎಂದಳು ಪಲ್ಲವಿ.

ಬೇಡ ಎಂದೆ. ಕೂಸನ್ನು ಕಂಡರೆ ನೀನು ನನ್ನ ಮಾತು ಕೇಳುವ ಮೊದಲೇ ನನ್ನನ್ನು ಕ್ಷಮಿಸಿಬಿಡುತ್ತೀ. ನಾನು ಒಬ್ಬಳೇ ಬರುತ್ತೇನೆ.