ನೂರಕ್ಕೆ ನೂರು ಬಂದ ವರ್ಷ

1982ರಲ್ಲಿ ನಾನು ಜಯನಗರದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದೆ. ಹತ್ತನೇ ತರಗತಿಯ ‘ಬಿ’ ಸೆಕ್ಷನ್ನಿಗೆ ಕ್ಲಾಸ್ ಟೀಚರ್ ಕೂಡ. ಆ ಮಕ್ಕಳನ್ನು ಎಂಟನೇ ತರಗತಿಯಿಂದ ನಾನೇ ಮೇಲಕ್ಕೆ ಕರೆದುಕೊಂಡು ಬಂದಿದ್ದೆ. ನನ್ನ ನೌಕರಿಯಲ್ಲಿ ಎಷ್ಟೋ ಬ್ಯಾಚುಗಳು ಬಂದು ಹೋದವು. ಈಗ ಮದುವೆ ಮನೆಗಳಲ್ಲಿ ಯಾರಾದರೂ ಬಂದು ನಮಸ್ಕಾರ ಮಾಡಿದರೆ ಯಾವ ವರ್ಷದವರೆಂದು ಹೊಳೆಯದೆ ಸುಮ್ಮನೆ ನಗುತ್ತೇನೆ. ಆ ಬ್ಯಾಚನ್ನು ಮಾತ್ರ ಮರೆತಿಲ್ಲ. ಮರೆಯೋಣವೆಂದರೂ ಆಗಿಲ್ಲ.

ಆ ಕ್ಲಾಸಿನಲ್ಲಿ ಸಾರಕ್ಕಿಯಿಂದ ಬರುವ ನಾಲ್ಕು ಹುಡುಗಿಯರಿದ್ದರು. ಸಾರಕ್ಕಿ ಆಗಿನ್ನೂ ಹಳ್ಳಿಯೇ. ಜೆ.ಪಿ. ನಗರದ ಖಾಲಿ ಸೈಟುಗಳನ್ನು ದಾಟಿಕೊಂಡು ನಾಲ್ವರೂ ಒಟ್ಟಿಗೆ ನಡೆದು ಬರುತ್ತಿದ್ದರು, ಒಟ್ಟಿಗೆ ಹೋಗುತ್ತಿದ್ದರು. ಒಬ್ಬಳಿಗೆ ಜ್ವರ ಬಂದರೆ ಉಳಿದ ಮೂವರು ಅವಳ ಮನೆ ಬಾಗಿಲಲ್ಲಿ ನಿಂತು, ಬರುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಹೊರಡುತ್ತಿದ್ದರು. ಮೂವರೂ ಲೇಟು, ಮೂವರಿಗೂ ನನ್ನಿಂದ ಬೈಗುಳ. ಅವರಲ್ಲಿ ನಾಗರತ್ನ ಮಾತುಗಾರ್ತಿ, ಕ್ಲಾಸಿಗೆ ಲೀಡರ್. ಜಯಮ್ಮ ಬಾಯಿ ಬಿಡದವಳು. ಅವಳ ಅಪ್ಪ ಮುನಿಯಪ್ಪ ಕೆರೆಯಂಚಿನ ತುಂಡು ಜಮೀನಿನಲ್ಲಿ ಸೊಪ್ಪು ಬೆಳೆಯುತ್ತಿದ್ದರು. ಏಳನೇ ಕ್ಲಾಸಿಗೇ ಮಗಳನ್ನು ಬಿಡಿಸಬೇಕೆಂದಿದ್ದವರು, ಊರಿನ ಇನ್ನೂ ಮೂವರು ಹೋಗುತ್ತಾರೆಂದು ತಿಳಿದ ಮೇಲಷ್ಟೇ ಒಪ್ಪಿದ್ದರು. ‘ಜೊತೆ ಐತೆ ಅಂತ ಕಳಿಸ್ತಿದೀನಿ ಮಿಸ್. ಹತ್ತನೇದು ಪಾಸಾದ್ರೆ ಟೀಚರ್ ಟ್ರೈನಿಂಗ್‌ಗೂ ಕಳಿಸ್ತೀನಿ. ಫೇಲಾದ್ರೆ ಮದ್ವೆ’ ಎಂದು ಮೊದಲ ದಿನವೇ ನನಗೆ ಹೇಳಿದ್ದರು. ಜಯಮ್ಮ ಪಕ್ಕದಲ್ಲೇ ನಿಂತಿದ್ದಳು.

ಆ ಕಾಲದಲ್ಲಿ ಶಾಲೆಗಳಲ್ಲಿ ಒಂದು ಪದ್ಧತಿಯಿತ್ತು. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ಬೋರ್ಡಿಗೆ ಎಸ್ಸೆಸ್ಸೆಲ್ಸಿ ಅರ್ಜಿಗಳು ಹೋಗುವ ಮುಂಚೆ, ಫೇಲಾಗಬಹುದಾದ ಮಕ್ಕಳ ತಂದೆತಾಯಿಯರನ್ನು ಕರೆಸಿ ಟಿ.ಸಿ. ಕೊಟ್ಟುಬಿಡುವುದು. ಆ ಮಗು ‘ಪ್ರೈವೇಟ್’ ಆಗಿ, ಅಂದರೆ ಯಾವ ಶಾಲೆಗೂ ಸೇರದ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಬೇಕು. ಪಾಸಾದರೂ ಫೇಲಾದರೂ ಶಾಲೆಯ ರಿಸಲ್ಟಿಗೆ ಸಂಬಂಧವಿಲ್ಲ. ನಮ್ಮ ಹೆಡ್‌ಮಾಸ್ಟರ್ ಕೆಟ್ಟವರಲ್ಲ. ಶಾಲೆ ಬೆಳೆಯಬೇಕೆಂಬ ಹಂಬಲವಿದ್ದವರು. ಆದರೆ ಆ ವರ್ಷ ನೂರಕ್ಕೆ ನೂರು ಬರಲೇಬೇಕೆಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು.

ಜಯಮ್ಮ ಅರ್ಧವಾರ್ಷಿಕದಲ್ಲಿ ಗಣಿತದಲ್ಲಿ ಫೇಲಾಗಿದ್ದಳು. ನಾನು ಹೆಡ್‌ಮಾಸ್ಟರ ಮುಂದೆ ಕೂತು, ಮಾರ್ಚಿನೊಳಗೆ ಪಾಸ್ ಮಾಡಿಸುವ ಹೊಣೆ ನನ್ನದೆಂದು ವಾದಿಸಿದೆ.

‘ಪರೀಕ್ಷೆ ಬರೀಬೇಡ ಅಂದ್ನಾ ನಾನು? ಪ್ರೈವೇಟಾಗಿ ಕಟ್ಲಿ. ಅದೇ ಪೇಪರ್ರು, ಅದೇ ಸರ್ಟಿಫಿಕೇಟು. ಏನು ವ್ಯತ್ಯಾಸ ಹೇಳಿ ಮೇಡಂ?’ ಎಂದರು.

ಕೇಳಿಸಿಕೊಂಡವರಿಗೆ ಯಾರಿಗಾದರೂ ನ್ಯಾಯವೆನ್ನಿಸುವ ಮಾತು. ಮುನಿಯಪ್ಪ ಟಿ.ಸಿ. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಪ್ರೈವೇಟ್ ಅರ್ಜಿಯನ್ನು ನಾನೇ ತುಂಬಿ ಕಳಿಸಿದೆ. ಅಂದಿನಿಂದ ಭಾನುವಾರಗಳಂದು ಜಯಮ್ಮ ನಮ್ಮ ಮನೆಗೆ ಬಂದು ಲೆಕ್ಕ ಕಲಿಯತೊಡಗಿದಳು. ಜೊತೆಗೆ ನಾಗರತ್ನ ಇದ್ದೇ ಇರುತ್ತಿದ್ದಳು. ನನ್ನ ಗದರಿಕೆಗೆ ಹೆದರುತ್ತಿದ್ದ ಹುಡುಗಿ ಫೆಬ್ರವರಿಯ ಹೊತ್ತಿಗೆ ಪ್ರಮೇಯಗಳನ್ನು ತಡವರಿಸದೆ ಸಾಧಿಸಿ ತೋರಿಸುತ್ತಿದ್ದಳು. ಪಾಸಾಗುತ್ತಾಳೆ ಎಂದು ನನಗೆ ಗಟ್ಟಿಯಾಯಿತು.

ಹಾಲ್ ಟಿಕೆಟ್ ಬಂದಾಗ ನೋಡಿದರೆ ಪ್ರೈವೇಟಿನವಳೆಂದು ಅವಳ ಸೆಂಟರ್ ದೂರದ ಶ್ರೀನಗರದ ಕಡೆಯದು. ಉಳಿದವರಿಗೆಲ್ಲ ನಮ್ಮ ಶಾಲೆಯೇ ಸೆಂಟರ್.

ಮಾರ್ಚ್ ಮೊದಲ ವಾರದಲ್ಲಿ ಬೀಳ್ಕೊಡುಗೆ ಸಮಾರಂಭ. ಒಂಬತ್ತನೇ ತರಗತಿಯವರು ಬಣ್ಣದ ಕಾಗದ ಕಟ್ಟಿ, ಎಲೆ ಮೇಲೆ ಖಾರಾಬಾತ್, ಕೇಸರಿಬಾತ್ ಹಾಕಿಸಿದ್ದರು. ನಾಗರತ್ನ ಹೇಳಿ ಕಳಿಸಿದ್ದರಿಂದ ಜಯಮ್ಮನೂ ಬಂದಿದ್ದಳು. ಯೂನಿಫಾರಂ ಇರಲಿಲ್ಲ, ಹಸಿರು ಲಂಗ ದಾವಣಿ ಉಟ್ಟು ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಮಕ್ಕಳು ಒಬ್ಬೊಬ್ಬರೇ ಎದ್ದು ಮೂರು ವರ್ಷಗಳನ್ನು ನೆನೆದರು. ಶೀಟಿನ ಮಾಡು ಸೋರಿದಾಗ ಕೊಡೆ ಬಿಚ್ಚಿಕೊಂಡು ಪಾಠ ಕೇಳಿದ್ದು, ಬನ್ನೇರುಘಟ್ಟದ ಪ್ರವಾಸದಲ್ಲಿ ಮಂಗ ಚಿತ್ರಾನ್ನದ ಡಬ್ಬಿಯನ್ನೇ ಹೊತ್ತೊಯ್ದದ್ದು, ನಾನು ಸಿಟ್ಟಿನಲ್ಲಿ ಎಸೆದ ಸೀಮೆಸುಣ್ಣ ಹೆಡ್‌ಮಾಸ್ಟರ ಕೋಟಿಗೆ ಬಿದ್ದದ್ದು. ನಕ್ಕು ನಕ್ಕು ಕೆಲವರು ಅಳುತ್ತಿದ್ದರು.

ಯಾರೋ ‘ಮಿಸ್, ಲಾಸ್ಟ್ ಟೈಂ ಅಟೆಂಡೆನ್ಸ್ ತಗೊಳ್ಳಿ ಮಿಸ್’ ಎಂದು ಕೂಗಿದರು. ಪುಸ್ತಕವಿಲ್ಲದೆ, ಬಾಯಿಪಾಠವಾಗಿದ್ದ ಹೆಸರುಗಳನ್ನು ಎಂಟನೇ ತರಗತಿಯ ಕ್ರಮದಲ್ಲೇ ಕರೆಯುತ್ತ ಹೋದೆ. ಟಿ.ಸಿ. ತೆಗೆದುಕೊಂಡವಳೆಂಬ ನೆನಪೇ ಇಲ್ಲದೆ ಜಯಮ್ಮನ ಹೆಸರೂ ಬಾಯಿಂದ ಬಂದುಬಿಟ್ಟಿತು.

‘ಪ್ರೆಸೆಂಟ್ ಮಿಸ್.’

ಅಷ್ಟು ಗಟ್ಟಿಯಾಗಿ ಅವಳು ಮೂರು ವರ್ಷದಲ್ಲಿ ಒಂದು ದಿನವೂ ಹೇಳಿರಲಿಲ್ಲ. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ತಟ್ಟಿತು. ಆಗಲೇ ನಾಗರತ್ನ ಎದ್ದು, ಮುಂದೆ ಕೂತಿದ್ದ ಹೆಡ್‌ಮಾಸ್ಟರ ಕಡೆ ತಿರುಗಿದಳು. ‘ಸಾರ್, ಜಯಮ್ಮಂಗೂ ನಮ್ ಸೆಂಟರ್ರೇ ಕೊಡ್ಸಿ ಸಾರ್. ನಾವು ಯಾವತ್ತೂ ಒಟ್ಟಿಗೇ ಬರೋದು.’

ಹೆಡ್‌ಮಾಸ್ಟರು ಸಿಡುಕಲಿಲ್ಲ. ‘ಅದು ಬೋರ್ಡಿಂದು ಕಣಮ್ಮ, ನನ್ ಕೈಯಲ್ಲಿಲ್ಲ. ಇವತ್ತು ಖುಷಿಯಾಗಿರಿ’ ಎಂದು ಹೇಳಿ, ಈ ಬ್ಯಾಚು ನೂರಕ್ಕೆ ನೂರು ತರುತ್ತದೆಂದು ಭಾಷಣ ಶುರುಮಾಡಿದರು. ಮರುದಿನ ನಾನೇ ಬೋರ್ಡಿನ ಆಫೀಸಿಗೆ ಹೋಗಿ ಕೇಳಿಕೊಂಡೆ. ಕೊನೆ ಗಳಿಗೆಯಲ್ಲಿ ಸೆಂಟರ್ ಬದಲಾಯಿಸಲು ಬರುವುದಿಲ್ಲವೆಂದರು. ಕೊನೆಗೆ ಮುನಿಯಪ್ಪನವರೇ ದಿನಾ ಸೈಕಲ್ಲಿನಲ್ಲಿ ಕರೆದೊಯ್ಯುವುದೆಂದು ತೀರ್ಮಾನವಾಯಿತು. ಹಾಗೆಯೇ ಮೊದಲ ಎರಡು ಪೇಪರುಗಳನ್ನು ಜಯಮ್ಮ ಬರೆದಳು.

ಮೂರನೆಯದು ಗಣಿತ. ಆ ದಿನ ನನಗೆ ಬೇರೆ ಶಾಲೆಯಲ್ಲಿ ಪರೀಕ್ಷಾ ಡ್ಯೂಟಿ ಇದ್ದುದರಿಂದ, ನಡೆದದ್ದನ್ನು ಸಂಜೆ ನಾಗರತ್ನ ಹೇಳಿದಳು. ಬೆಳಗಿನ ಜಾವ ಗೊಟ್ಟಿಗೆರೆಯಲ್ಲಿ ಮುನಿಯಪ್ಪನವರ ಅಣ್ಣ ತೀರಿಕೊಂಡರೆಂದು ಸುದ್ದಿ ಬಂತು. ಅವರು ಇದ್ದಂತೆಯೇ ಓಡಿದರು. ಜಯಮ್ಮನಿಗೆ ಶ್ರೀನಗರದ ಬಸ್ಸು ಗೊತ್ತಿಲ್ಲ, ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಸಾವಿನ ಸುದ್ದಿ ಬಂದ ಮನೆಯಲ್ಲಿ ಕರೆದೊಯ್ಯಲು ಯಾರಿಗೂ ಪುರುಸೊತ್ತಿಲ್ಲ. ಗೆಳತಿಯರು ಎಂದಿನಂತೆ ಬಾಗಿಲಿಗೆ ಬಂದು ನಿಂತರು. ಅವಳು ಹಾಲ್ ಟಿಕೆಟ್ಟು, ಜಾಮಿಟ್ರಿ ಬಾಕ್ಸು ಹಿಡಿದು ಅವರ ಜೊತೆಯೇ ಹೊರಟುಬಿಟ್ಟಳು. ಪೇಪರು ಒಂದೇ ತಾನೆ, ನಮ್ಮ ಶಾಲೆ ತಾನೆ, ಕೇಳಿಕೊಂಡರೆ ಒಂದು ಬೆಂಚು ಕೊಡುವುದಿಲ್ಲವೆ ಎಂದು ನಾಲ್ವರೂ ದಾರಿಯುದ್ದಕ್ಕೂ ಧೈರ್ಯ ಹೇಳಿಕೊಂಡಿದ್ದರಂತೆ.

ಹೊರಗಿನಿಂದ ಬಂದಿದ್ದ ಪರೀಕ್ಷಾ ಅಧಿಕಾರಿ ಹಾಲ್ ಟಿಕೆಟ್ ನೋಡಿ, ಈ ನಂಬರು ಇಲ್ಲಿಯದಲ್ಲವೆಂದರು.

‘ನಾನು ಇದೇ ಸ್ಕೂಲು ಸಾರ್’ ಎಂದಳಂತೆ ಜಯಮ್ಮ.

ಅವರು ಪಕ್ಕದಲ್ಲಿದ್ದ ನಮ್ಮ ಹೆಡ್‌ಮಾಸ್ಟರನ್ನು ಕೇಳಿದರು, ‘ನಿಮ್ಮ ಹುಡುಗೀನಾ?’

‘ಮುಂಚೆ ಇದ್ಲು’ ಎಂದರು ಹೆಡ್‌ಮಾಸ್ಟರು.

ಅವರು ಹೌದೆಂದಿದ್ದರೂ ಅಧಿಕಾರಿ ಒಳಗೆ ಬಿಡುತ್ತಿರಲಿಲ್ಲ, ನಿಯಮವೇ ಹಾಗಿತ್ತು. ಆದರೂ ಆ ಮಾತನ್ನು ಕ್ಷಮಿಸಲು ನನಗೆ ಇಂದಿಗೂ ಆಗಿಲ್ಲ. ಬೆಲ್ಲು ಹೊಡೆಯಿತು, ಗೆಳತಿಯರು ಒಳಗೆ ಹೋದರು. ಜಯಮ್ಮ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತಿದ್ದಳು. ಪರೀಕ್ಷೆ ಮುಗಿಯುವವರೆಗೂ ಕೂತಿದ್ದು, ಎಂದಿನಂತೆ ಅವರ ಜೊತೆಯಲ್ಲೇ ಮನೆಗೆ ನಡೆದುಹೋದಳು. ಉಳಿದ ಪೇಪರುಗಳಿಗೆ ಹೋಗಲಿಲ್ಲ.

ಫಲಿತಾಂಶ ಬಂತು. ನೂರಕ್ಕೆ ನೂರು. ಸ್ಟಾಫ್ ರೂಮಿನಲ್ಲಿ ಮೈಸೂರು ಪಾಕ್ ಹಂಚಿದರು, ನಾನು ತಿನ್ನಲಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿಸೋಣವೆಂದು ಸಾರಕ್ಕಿಗೆ ಹೋದೆ. ‘ಗಂಡು ನೋಡಿ ಆಗೋಯ್ತು ಮಿಸ್. ನೀವು ಬೇಜಾರ್ ಮಾಡ್ಕೋಬೇಡಿ’ ಎಂದು ಮುನಿಯಪ್ಪ ತಲೆ ತಗ್ಗಿಸಿದರು. ಒಳಗಿನಿಂದ ಕಾಫಿ ತಂದ ಜಯಮ್ಮ ಲೋಟ ಕೊಡುತ್ತ ಸಣ್ಣಗೆ ಹೇಳಿದಳು: ‘ಆ ಪೇಪರ್ ನಾಗರತ್ನ ತಂದು ತೋರಿಸಿದ್ಲು ಮಿಸ್. ಎಲ್ಲಾ ಮಾಡಿ ನೋಡ್ದೆ. ಬಂತು.’

ನನಗೆ ಕಾಫಿ ಕುಡಿಯಲಾಗಲಿಲ್ಲ.

ಶೇಕಡಾವಾರು ಲೆಕ್ಕವನ್ನು ನಾನು ಜೀವನವಿಡೀ ಕಲಿಸಿದೆ. ಮೇಲಿನ ಸಂಖ್ಯೆ ಅಂಶ, ಕೆಳಗಿನದು ಛೇದ. ಅಂಶ ಹೆಚ್ಚಿದರೆ ನೂರರ ಹತ್ತಿರ ಹೋಗುತ್ತೀರಿ. ಛೇದವನ್ನು ಕಡಿಮೆ ಮಾಡಿದರೂ ಹೋಗುತ್ತೀರಿ. ಎರಡನೆಯದು ಸುಲಭ. ಮುಂದೆ ನಾನೇ ಬೇರೊಂದು ಶಾಲೆಗೆ ಹೆಡ್‌ಮಿಸ್ ಆದಾಗ ಯಾವ ಮಗುವಿಗೂ ಟಿ.ಸಿ. ಕೊಟ್ಟು ಪ್ರೈವೇಟಾಗಿ ಕಟ್ಟಿಸಲಿಲ್ಲ. ಅಡ್ಮಿಷನ್ನಿಗೆ ಬಂದವರು ‘ಯಾಕೆ ಮೇಡಂ, ನಿಮ್ಮಲ್ಲಿ ಒಂದ್ಸಲನೂ ನೂರಕ್ಕೆ ನೂರು ಬಂದಿಲ್ವಲ್ಲ?’ ಎಂದು ಕೇಳುತ್ತಿದ್ದರು. ‘ಫೇಲಾದವರೂ ನಮ್ಮ ಮಕ್ಕಳೇ’ ಎನ್ನುತ್ತಿದ್ದೆ. ಬಹಳ ಜನ ಅರ್ಜಿಯನ್ನು ಮಡಿಸಿಕೊಂಡು ಎದ್ದು ಹೋದರು.